ಟೈನ್ ಸೇತುವೆ ದಾಟಿ ಕಡಲಿಗೆ

ಇಂಗ್ಲೆಂಡಿನ ಈಶಾನ್ಯದಲ್ಲಿರುವ ನ್ಯೂಕ್ಯಾಸಲ್ ನಗರದಿಂದ ಉತ್ತರ ಸಮುದ್ರದ ದಡದಲ್ಲಿರುವ ಸೌತ್ ಶೀಲ್ಡ್ಸ್ ಪಟ್ಟಣಕ್ಕೆ ಪ್ರತಿ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಸುಮಾರು 60,000 ಮಂದಿ ಹೊರಡುತ್ತಾರೆ. ಹಲವರು ಓಡುತ್ತಾರೆ, ಹಲವರು ನಡೆಯುತ್ತಾರೆ, ಕೆಲವರು ಗಾಲಿಕುರ್ಚಿಯಲ್ಲಿ ಸಾಗುತ್ತಾರೆ, ಇನ್ನು ಕೆಲವರು ಜೊತೆಗಾರರ ಕೈಗೆ ಕಟ್ಟಿದ ದಾರ ಹಿಡಿದು ಕಾಣದ ದಾರಿಯಲ್ಲಿ ಓಡುತ್ತಾರೆ. ಗ್ರೇಟ್ ನಾರ್ತ್ ರನ್ ಎಂದು ಹೆಸರಾದ ಈ ಓಟದ ದೂರ 21.1 ಕಿಲೋಮೀಟರ್, ಅಂದರೆ ಅರ್ಧ ಮ್ಯಾರಥಾನ್. ಜಗತ್ತಿನ ಅತಿ ದೊಡ್ಡ ಅರ್ಧ ಮ್ಯಾರಥಾನ್‌ಗಳ ಸಾಲಿನಲ್ಲಿ ಇದರ ಹೆಸರು ಮೊದಲಿಗೇ ಬರುತ್ತದೆ. ಆದರೆ ದೊಡ್ಡದು ಎಂಬುದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಬೇರೆ ಇದೆ. ಒಲಿಂಪಿಕ್ ಪದಕ ಗೆದ್ದವರಿಗೂ ಹಿಂದಿನ ವರ್ಷವಷ್ಟೇ ಆಸ್ಪತ್ರೆಯಿಂದ ಮನೆಗೆ ಮರಳಿದವರಿಗೂ ಇಲ್ಲಿ ಒಂದೇ ರಸ್ತೆ, ಒಂದೇ ಸೇತುವೆ, ಒಂದೇ ಗುರಿ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಈ ದಾರಿಯುದ್ದಕ್ಕೂ ನೋಡಬಹುದು.

ಓಟವನ್ನು ಆರಂಭಿಸಿದವರು ಬ್ರೆಂಡನ್ ಫಾಸ್ಟರ್. ನ್ಯೂಕ್ಯಾಸಲ್‌ಗೂ ಸಮುದ್ರಕ್ಕೂ ನಡುವಿನ ಹೆಬ್ಬರ್ನ್ ಎಂಬ ಹಡಗುಕಟ್ಟೆಯ ಊರಿನಲ್ಲಿ ಹುಟ್ಟಿದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಕಂಚು ಗೆದ್ದರು. ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಬ್ರಿಟನ್‌ಗೆ ಸಿಕ್ಕ ಪದಕ ಅದೊಂದೇ. 1979ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 'ರೌಂಡ್ ದಿ ಬೇಸ್' ಎಂಬ ಓಟದಲ್ಲಿ ಅವರು ಭಾಗವಹಿಸಿದರು. ಅಲ್ಲಿ ಊರಿಗೆ ಊರೇ ಕಡಲ ದಡದ ರಸ್ತೆಗಿಳಿದಿತ್ತು. ಗೆಲ್ಲುವ ಯೋಚನೆಯೇ ಇಲ್ಲದ ಸಾವಿರಾರು ಜನ ಓಟಗಾರರಾಗಿದ್ದರು. ಇಂಥದ್ದು ತಮ್ಮ ಊರಿನಲ್ಲೂ ಆಗಬೇಕೆಂದು ಫಾಸ್ಟರ್ ನಿಶ್ಚಯಿಸಿದರು. 1981ರ ಜೂನ್ 28ರಂದು ಮೊದಲ ಓಟ ನಡೆದಾಗ ಸುಮಾರು 12,000 ಮಂದಿ ಸೇರಿದ್ದರು. ಸ್ಥಳೀಯ ಓಟಗಾರ ಮೈಕ್ ಮೆಕ್ಲೌಡ್ 1 ಗಂಟೆ 3 ನಿಮಿಷ 23 ಸೆಕೆಂಡುಗಳಲ್ಲಿ ಗೆದ್ದರು. ಖ್ಯಾತ ಫುಟ್‌ಬಾಲ್ ಆಟಗಾರ ಕೆವಿನ್ ಕೀಗನ್ ಕೂಡ ಅಂದು ಸಾಮಾನ್ಯರ ನಡುವೆ ಓಡಿದರು.

ಆ ಜನ, ಆ ಕಾಲ, ಎರಡನ್ನೂ ಬಿಟ್ಟು ಈ ಓಟವನ್ನು ಅರಿಯುವುದು ಕಷ್ಟ. ಟೈನ್ ನದಿಯ ಎರಡೂ ದಡಗಳು ಒಂದು ಕಾಲಕ್ಕೆ ಕಲ್ಲಿದ್ದಲು ಮತ್ತು ಹಡಗುಗಳಿಂದ ಬದುಕಿದ್ದವು. ಹೆಬ್ಬರ್ನ್‌ನ ಪಕ್ಕದ ಜಾರೋದಲ್ಲಿ ಪಾಮರ್ಸ್ ಹಡಗುಕಟ್ಟೆ ಮುಚ್ಚಿದ ಮೇಲೆ, 1936ರ ಅಕ್ಟೋಬರಿನಲ್ಲಿ ಸುಮಾರು 200 ಮಂದಿ ಕೆಲಸವಿಲ್ಲದ ಗಂಡಸರು ಉದ್ಯೋಗ ಕೇಳಲು ಲಂಡನ್ನಿನವರೆಗೆ ಕಾಲ್ನಡಿಗೆಯಲ್ಲಿ ಹೋದರು. 'ಜಾರೋ ಮಾರ್ಚ್' ಎಂದು ಬ್ರಿಟನ್ನಿನ ಇತಿಹಾಸದಲ್ಲಿ ಉಳಿದಿರುವ ಆ 450 ಕಿಲೋಮೀಟರಿನ ನಡಿಗೆಯಲ್ಲಿ ಆ ಕ್ಷೇತ್ರದ ಸಂಸದೆ ಎಲೆನ್ ವಿಲ್ಕಿನ್ಸನ್ ಅವರೂ ಸಾಕಷ್ಟು ದೂರ ಹೆಜ್ಜೆ ಹಾಕಿದ್ದರು. ಮೊದಲ ಗ್ರೇಟ್ ನಾರ್ತ್ ರನ್ ನಡೆದ 1981ರಲ್ಲಿಯೂ ಕಾರ್ಖಾನೆಗಳು ಮತ್ತೆ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅಂಥ ಹೊತ್ತಿನಲ್ಲಿ ಊರಿನವರೇ ತಮ್ಮ ಊರಿನ ರಸ್ತೆಯನ್ನು ಒಂದು ದಿನದ ಮಟ್ಟಿಗೆ ತಮ್ಮದಾಗಿಸಿಕೊಂಡರು. ಓಟಕ್ಕೂ ಈ ನೆಲಕ್ಕೂ ಬೆಸೆದಿರುವ ಪ್ರೀತಿಯ ಬೇರು ಅಲ್ಲಿದೆ.

ಓಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ ಆ ಹೊತ್ತಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನ್ 1897ರಲ್ಲೇ ಶುರುವಾದರೂ ಮಹಿಳೆಯರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ. ಮೂರು ವರ್ಷದ ಬಳಿಕ ಬಾಬ್ ಹಾಲ್ ಎಂಬ ಯುವಕ ಗಾಲಿಕುರ್ಚಿಯಲ್ಲಿ ಪಾಲ್ಗೊಳ್ಳಲು ಅನುಮತಿ ಕೇಳಿದರು. ಮೂರು ಗಂಟೆಯೊಳಗೆ ಮುಗಿಸಿದರೆ ಉಳಿದವರಂತೆ ಪ್ರಮಾಣಪತ್ರ ಕೊಡುವುದಾಗಿ ಸಂಘಟಕರು ಒಪ್ಪಿದರು. ಹಾಲ್ 2 ಗಂಟೆ 58 ನಿಮಿಷಗಳಲ್ಲಿ ಮುಗಿಸಿದರು. ಬ್ರಿಟನ್ನಿನಲ್ಲಿ ಲಂಡನ್ ಮ್ಯಾರಥಾನ್ 1981ರಲ್ಲಿ ಆರಂಭವಾಯಿತು. ಅದರಲ್ಲಿ ಗಾಲಿಕುರ್ಚಿ ಸ್ಪರ್ಧೆ ಸೇರಿದ್ದು 1983ರಲ್ಲಿ. ಇವತ್ತು ಸಹಜವೆನಿಸುವ ಈ ಸಂಗತಿಗಳ ಹಿಂದೆ ಯಾರೋ ಒಬ್ಬರು ಹೋಗಿ ಕೇಳಿದ್ದಿದೆ, ಷರತ್ತಿಗೆ ಒಪ್ಪಿದ್ದಿದೆ, ಆ ಷರತ್ತನ್ನು ಮೀರಿ ತೋರಿಸಿದ್ದೂ ಇದೆ.

ಓಟದ ಬೆಳಿಗ್ಗೆ ಜನ ಸೇರುವುದು ನ್ಯೂಕ್ಯಾಸಲ್‌ನ ಟೌನ್ ಮೂರ್ ಬಳಿ. ಟೌನ್ ಮೂರ್ ಎಂದರೆ ನಗರದ ನಡುವೆಯೇ ಉಳಿದುಕೊಂಡಿರುವ ವಿಶಾಲ ಗೋಮಾಳ. ಲಂಡನ್ನಿನ ಹೈಡ್ ಪಾರ್ಕ್ ಮತ್ತು ಹ್ಯಾಂಪ್‌ಸ್ಟೆಡ್ ಹೀತ್ ಎರಡನ್ನೂ ಸೇರಿಸಿದರೂ ಅದಕ್ಕಿಂತ ದೊಡ್ಡದು. ಹಳೆಯ ಹಕ್ಕಿನಂತೆ ಇಂದಿಗೂ ಇಲ್ಲಿ ದನ ಮೇಯುತ್ತವೆ. ಇದರ ಪಕ್ಕದಲ್ಲಿ ಕೆಳಮಟ್ಟದಲ್ಲಿ ಹಾದುಹೋಗುವ ಸೆಂಟ್ರಲ್ ಮೋಟರ್‌ವೇ ಮೇಲೆ ಆರಂಭದ ಗೆರೆ. ಬೇರೆ ದಿನಗಳಲ್ಲಿ ನಡೆಯುವವರು ಕಾಲಿಡಲೂ ಆಗದ ಹೆದ್ದಾರಿಯಿದು. ಅಂದು ಅದೇ ರಸ್ತೆಯಲ್ಲಿ ಕಣ್ಣು ಹಾಯುವಷ್ಟು ದೂರ ಬಣ್ಣಬಣ್ಣದ ಅಂಗಿಗಳು.

ಮೊದಲು ಹೊರಡುವವರು ಗಾಲಿಕುರ್ಚಿಯ ಸ್ಪರ್ಧಿಗಳು. ಇದು ದಾಕ್ಷಿಣ್ಯಕ್ಕೆ ಕೊಟ್ಟ ಮುಂದಿನ ಸ್ಥಾನವಲ್ಲ. ದಾರಿಯಲ್ಲಿ ಎಲ್ಲರಿಗಿಂತ ವೇಗದವರು ಅವರೇ. ಸ್ಪರ್ಧೆಯ ಗಾಲಿಕುರ್ಚಿಗೂ ಮನೆಯಲ್ಲಿ ಬಳಸುವ ಗಾಲಿಕುರ್ಚಿಗೂ ಹೋಲಿಕೆ ಕಡಿಮೆ. ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಉದ್ದಕ್ಕೆ ಚಾಚಿದ ಚೌಕಟ್ಟಿನ ತುದಿಯಲ್ಲಿ ಒಂದು ಪುಟ್ಟ ಚಕ್ರ. ಸ್ಪರ್ಧಿ ಮಂಡಿ ಮಡಿಸಿ ಮುಂದಕ್ಕೆ ಬಾಗಿ ಕೂರುತ್ತಾರೆ. ಗಟ್ಟಿ ಕೈಗವಸು ತೊಟ್ಟು, ಚಕ್ರಕ್ಕೆ ಜೋಡಿಸಿದ ಬಳೆಯನ್ನು ಹಿಡಿಯುವ ಬದಲು ಗುದ್ದಿ ಗುದ್ದಿ ತಿರುಗಿಸುತ್ತಾರೆ. ಕುರ್ಚಿಯ ತೂಕ ಹತ್ತು ಕಿಲೋ ಆಸುಪಾಸು ಇರುತ್ತದೆ. ಇಳಿಜಾರಿನಲ್ಲಿ ವೇಗ ಗಂಟೆಗೆ 50 ಕಿಲೋಮೀಟರ್ ದಾಟುವುದುಂಟು. ಒಳ್ಳೆಯ ಸ್ಪರ್ಧಿಗಳು ಅರ್ಧ ಮ್ಯಾರಥಾನನ್ನು ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ಕಾಲಿನಿಂದ ಓಡುವ ಯಾವ ಮನುಷ್ಯನೂ ಆ ಹತ್ತಿರ ಸುಳಿಯಲಾರ. ಇಷ್ಟು ವೇಗದ ಕುರ್ಚಿಗಳನ್ನು ಜನಸಂದಣಿಯ ಹಿಂದೆ ಬಿಟ್ಟರೆ ಅನಾಹುತ. ಹಾಗಾಗಿ ಅವರಿಗೆ ತೆರವಾದ ರಸ್ತೆ ಬೇಕು. ಹದಿನಾರು ಪ್ಯಾರಾಲಿಂಪಿಕ್ ಪದಕಗಳ ಒಡತಿ, ಅವುಗಳಲ್ಲಿ ಹನ್ನೊಂದು ಚಿನ್ನ ಗೆದ್ದ ಟ್ಯಾನಿ ಗ್ರೇ-ಥಾಂಪ್ಸನ್ ಈ ದಾರಿಯಲ್ಲಿ ಹಲವು ಸಲ ಗೆದ್ದವರು. ಮುಂದೆ ಅವರು ಇದೇ ನ್ಯೂಕ್ಯಾಸಲ್‌ನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆದರು. ಡೇವಿಡ್ ವಿಯರ್ ಅವರಂಥ ಮುಂಚೂಣಿಯ ಪ್ಯಾರಾಲಿಂಪಿಯನ್‌ಗಳೂ ಇಲ್ಲಿ ಮತ್ತೆ ಮತ್ತೆ ಬಂದು ಗೆದ್ದಿದ್ದಾರೆ.

ದೃಷ್ಟಿಯಿಲ್ಲದ ಓಟಗಾರರ ಪಕ್ಕದಲ್ಲಿ ಒಬ್ಬ ಮಾರ್ಗದರ್ಶಿ ಓಡುತ್ತಾರೆ. ಇಬ್ಬರ ಕೈ ಅಥವಾ ಬೆರಳುಗಳನ್ನು ಒಂದು ಗಿಡ್ಡ ದಾರ ಜೋಡಿಸಿರುತ್ತದೆ. ಎಡಕ್ಕೆ ತಿರುವು, ಮುಂದೆ ಉಬ್ಬು, ಹತ್ತು ಹೆಜ್ಜೆಯಲ್ಲಿ ನೀರಿನ ಮೇಜು, ಇವನ್ನೆಲ್ಲ ಮಾರ್ಗದರ್ಶಿ ಬಾಯಲ್ಲಿ ಹೇಳುತ್ತಾ ಹೋಗಬೇಕು. ಪ್ಯಾರಾ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಮಾರ್ಗದರ್ಶಿ ಓಟಗಾರರನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗುರಿಯ ಗೆರೆಯನ್ನು ಅವರಿಗಿಂತ ಮೊದಲು ದಾಟುವಂತಿಲ್ಲ. ಹೆಜ್ಜೆಗೆ ಹೆಜ್ಜೆ ಹೊಂದಬೇಕು, ಉಸಿರು ಉಳಿದಿರಬೇಕು, ಮಾತೂ ಆಡಬೇಕು. ಆದ್ದರಿಂದ ಮಾರ್ಗದರ್ಶಿಯಾದವರು ಜೊತೆಗಾರರಿಗಿಂತ ಬಲಶಾಲಿ ಓಟಗಾರರಾಗಿರಲೇಬೇಕು. ಈ ಕಲೆಗೆ ತಿಂಗಳುಗಟ್ಟಲೆ ಜೊತೆಯಾಗಿ ಅಭ್ಯಾಸ ಬೇಕು. ಸಾಮೂಹಿಕ ಓಟದ ಗದ್ದಲದಲ್ಲಿ ಕಾಣಸಿಗುವ ಅತ್ಯಂತ ಸೂಕ್ಷ್ಮವಾದ ಕ್ರೀಡೆ ಬಹುಶಃ ಇದೇ.

ಗಾಲಿಕುರ್ಚಿಗಳ ನಂತರ ಹೊರಡುವವರು ಮೊದಲ ಶ್ರೇಣಿಯ ಮಹಿಳೆಯರು, ಅವರ ಹಿಂದೆ ಮೊದಲ ಶ್ರೇಣಿಯ ಪುರುಷರು, ಅವರ ಬೆನ್ನಿಗೆ ಜನಸಾಗರ. ನೋಂದಣಿ ಮಾಡುವಾಗಲೇ ಪ್ರತಿಯೊಬ್ಬರೂ ತಾವು ಎಷ್ಟು ಹೊತ್ತಿನಲ್ಲಿ ಮುಗಿಸಬಹುದೆಂದು ಅಂದಾಜು ಹೇಳಿರುತ್ತಾರೆ. ಅದಕ್ಕೆ ತಕ್ಕಂತೆ ಎದೆಯ ಮೇಲಿನ ಚೀಟಿಗೆ ಬಣ್ಣ, ಬಣ್ಣಕ್ಕೆ ತಕ್ಕಂತೆ ನಿಲ್ಲುವ ಜಾಗ. ವೇಗದವರು ಮುಂದೆ, ನಡೆಯುವವರು ಕೊನೆಗೆ, ಗುಂಪು ಗುಂಪಾಗಿ ಬಿಡುತ್ತಾರೆ. ಪ್ರತಿಯೊಬ್ಬರಿಗೂ ಅಂಟಿಸಿಕೊಟ್ಟ ಚಿಪ್ ಅವರವರು ಗೆರೆ ದಾಟಿದ ಕ್ಷಣದಿಂದಲೇ ಸಮಯ ಎಣಿಸುವುದರಿಂದ ಹಿಂದೆ ನಿಂತವರಿಗೆ ನಷ್ಟವಿಲ್ಲ. ಈ ಸಾಲು ಕೇವಲ ಶಿಸ್ತಿನ ಸಂಗತಿಯಲ್ಲ. ನಿಧಾನಗತಿಯವರು ಮುಂದೆ ನಿಂತರೆ ಹಿಂದಿನವರು ಅವರನ್ನು ನೂಕಿಕೊಂಡು ಹೋಗುತ್ತಾರೆ. ಬಿದ್ದವರಿಗೆ ಮುಂದಿನ ವರ್ಷ ಬರುವ ಧೈರ್ಯವಿರುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವುದೆಂದರೆ ಎಲ್ಲರನ್ನೂ ಒಟ್ಟಿಗೆ ತುಂಬುವುದಲ್ಲ. ಪ್ರತಿಯೊಬ್ಬರ ವೇಗಕ್ಕೂ ಜಾಗ ಮಾಡಿಕೊಡುವುದು. ಸದಾಶಯ ಎಷ್ಟಿದ್ದರೂ ಬಣ್ಣದ ಚೀಟಿ, ಹಗ್ಗ, ಗಡಿಯಾರ, ಸ್ವಯಂಸೇವಕರು ಇಲ್ಲದಿದ್ದರೆ ಅದು ರಸ್ತೆಯ ಮೇಲೆ ನಿಲ್ಲುವುದಿಲ್ಲ.

ಹೆದ್ದಾರಿ ನಗರದ ಕೆಳಗಿನ ಸುರಂಗಗಳನ್ನು ಹಾಯುವಾಗ ಓಟಗಾರರು ಒಕ್ಕೊರಲಿನಿಂದ ಕೂಗುತ್ತಾರೆ; ಕಾಂಕ್ರೀಟ್ ಗೋಡೆಗಳಲ್ಲಿ ಆ ಕೂಗು ಹತ್ತು ಪಟ್ಟಾಗಿ ಮರಳುತ್ತದೆ. ಅಲ್ಲಿಂದ ಮುಂದೆ ಟೈನ್ ಸೇತುವೆ. 1928ರ ಅಕ್ಟೋಬರಿನಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಈ ಹಸಿರು ಉಕ್ಕಿನ ಕಮಾನು ಈ ನಾಡಿನ ಗುರುತು. ಕಟ್ಟಿದ್ದು ಡಾರ್ಮನ್ ಲಾಂಗ್ ಕಂಪನಿ; ಸಿಡ್ನಿ ಬಂದರಿನ ಸೇತುವೆಯನ್ನು ಕಟ್ಟಿದವರೂ ಅವರೇ. ಬೇಸಿಗೆಯಲ್ಲಿ ಇದರ ಕಟ್ಟುಗಳಲ್ಲಿ ಕಿಟ್ಟಿವೇಕ್ ಎಂಬ ಕಡಲ ಹಕ್ಕಿಗಳು ಗೂಡು ಕಟ್ಟುತ್ತವೆ. ಸಮುದ್ರದಿಂದ ಇಷ್ಟು ಒಳಗೆ ಅವು ಸಂಸಾರ ಹೂಡುವ ಜಾಗ ಜಗತ್ತಿನಲ್ಲಿ ಮತ್ತೊಂದಿಲ್ಲ ಎನ್ನುತ್ತಾರೆ ಪಕ್ಷಿತಜ್ಞರು. ಓಟದ ದಿನ ಸೇತುವೆಯ ಮೇಲೆ ವಾಯುಪಡೆಯ ರೆಡ್ ಆರೋಸ್ ತಂಡದ ವಿಮಾನಗಳು ಬಣ್ಣದ ಹೊಗೆ ಬಿಡುತ್ತಾ ಹಾರಿಹೋಗುತ್ತವೆ. ಹಲವರು ಇಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಸಮಯದ ಹಂಗಿಲ್ಲದೆ ಓಡುವವರಿಗೆ ಅದಕ್ಕೆ ಅವಕಾಶವಿರುವುದು ಈ ಓಟದ ಚೆಲುವು.

ಸೇತುವೆಯಾಚೆ ಗೇಟ್ಸ್‌ಹೆಡ್. ಫಾಸ್ಟರ್ ಅವರು ಇಲ್ಲಿನ ನಗರಸಭೆಯಲ್ಲಿ ಕ್ರೀಡಾ ವಿಭಾಗದ ಅಧಿಕಾರಿಯಾಗಿದ್ದರು. 1974ರಲ್ಲಿ ಇಲ್ಲಿನ ಕ್ರೀಡಾಂಗಣದಲ್ಲೇ 3000 ಮೀಟರ್ ಓಟದ ವಿಶ್ವದಾಖಲೆ ಬರೆದರು. ಓಟದ ದಾರಿ ಆ ಕ್ರೀಡಾಂಗಣದ ಮಗ್ಗುಲಲ್ಲೇ ಹಾದು ಫೆಲಿಂಗ್ ಬೈಪಾಸ್ ಹಿಡಿಯುತ್ತದೆ. ನೆರಳಿಲ್ಲದ ಅಗಲ ರಸ್ತೆ, ಸಣ್ಣ ಏರಿಳಿತ, ನೋಡಲು ವಿಶೇಷವೇನೂ ಇಲ್ಲ.

ಮುಂದಿನ ಸಾಲಿನವರು ಈ ಹೊತ್ತಿಗೆ ಬಹುದೂರ ಹೋಗಿರುತ್ತಾರೆ. ಬ್ರಿಟನ್ನಿನ ಓಟಗಾರ ಮೋ ಫರಾ 2014ರಿಂದ 2019ರವರೆಗೆ ಸತತ ಆರು ವರ್ಷ ಇಲ್ಲಿ ಗೆದ್ದರು. 2023ರಲ್ಲಿ ತಮ್ಮ ವೃತ್ತಿಜೀವನದ ಕೊನೆಯ ಓಟಕ್ಕೂ ಇದೇ ದಾರಿಯನ್ನು ಆರಿಸಿಕೊಂಡು ನಾಲ್ಕನೆಯವರಾಗಿ ಮುಗಿಸಿದರು. 2019ರಲ್ಲಿ ಕೀನ್ಯಾದ ಬ್ರಿಜಿಡ್ ಕೊಸ್ಗೇ 1 ಗಂಟೆ 4 ನಿಮಿಷ 28 ಸೆಕೆಂಡುಗಳಲ್ಲಿ ಓಡಿದರು. ಅಲ್ಲಿಯವರೆಗೆ ಯಾವ ಮಹಿಳೆಯೂ ಅರ್ಧ ಮ್ಯಾರಥಾನನ್ನು ಅಷ್ಟು ಬೇಗ ಮುಗಿಸಿರಲಿಲ್ಲ. ಆದರೂ ಅದು ವಿಶ್ವದಾಖಲೆಯೆನಿಸಲಿಲ್ಲ. ಆರಂಭಕ್ಕೂ ಅಂತ್ಯಕ್ಕೂ ನಡುವಿನ ನೇರ ಅಂತರ ಓಟದ ದೂರದ ಅರ್ಧವನ್ನು ಮೀರಬಾರದು, ಇಳಿತ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚಿರಬಾರದು ಎಂಬುದು ದಾಖಲೆಯ ನಿಯಮ. ನಗರದಿಂದ ಕಡಲಿಗೆ ಸಾಗುವ ಈ ದಾರಿ ಎರಡನ್ನೂ ಮೀರುತ್ತದೆ. ಸುತ್ತು ಹಾಕುವಂತೆ ದಾರಿ ಬದಲಿಸಿದರೆ ದಾಖಲೆಗಳು ಸಿಗಬಹುದು. ಸಂಘಟಕರು ದಾರಿಯನ್ನು ಹಾಗೆಯೇ ಉಳಿಸಿಕೊಂಡದ್ದು ಸರಿಯಾದ ಆಯ್ಕೆ. ಸಮುದ್ರ ಮುಟ್ಟುವುದು ಇಲ್ಲಿನವರಿಗೆ ದಾಖಲೆಗಿಂತ ದೊಡ್ಡದು.

ವೈಟ್ ಮೇರ್ ಪೂಲ್ ವೃತ್ತದ ನಂತರ ದಾರಿ ಜಾರೋ ಊರಿನ ದಕ್ಷಿಣಕ್ಕೆ ಹಾಯುತ್ತದೆ. ಆಮೇಲೆ ಬರುವ ಜಾನ್ ರೀಡ್ ರಸ್ತೆ ಎಲ್ಲರ ಪರೀಕ್ಷೆ. ಕಣ್ಣಿಗೆ ಅಷ್ಟಾಗಿ ಕಾಣದ, ಕಾಲಿಗೆ ಮಾತ್ರ ಗೊತ್ತಾಗುವ ಉದ್ದನೆಯ ಏರು. ಹದಿನೈದು ಕಿಲೋಮೀಟರ್ ದಾಟಿದ ದೇಹಕ್ಕೆ ಅದು ಮುಗಿಯದ ರಸ್ತೆ. ಓಡುತ್ತಿದ್ದ ಎಷ್ಟೋ ಮಂದಿ ಇಲ್ಲಿ ನಡೆಯತೊಡಗುತ್ತಾರೆ. ಸರಿಯಾಗಿ ಇಲ್ಲಿಯೇ ಊರಿನ ಜನ ಮನೆಯಿಂದ ಹೊರಬಂದು ನಿಂತಿರುತ್ತಾರೆ. ಜಾತ್ರೆಯ ದಿನ ತೇರು ಬರುವ ಬೀದಿಯಂತೆ ಇಕ್ಕೆಲಗಳಲ್ಲೂ ಸಾಲು. ಕಿತ್ತಳೆ ಹೋಳು, ಐಸ್‌ಕ್ಯಾಂಡಿ, ಮಿಠಾಯಿ ತುಂಬಿದ ತಟ್ಟೆಗಳನ್ನು ಚಾಚಿ ನಿಂತ ಮಕ್ಕಳು, ತಂಪಾಗಲೆಂದು ತೋಟದ ಪೈಪಿನಿಂದ ನೀರು ಚಿಮುಕಿಸುವ ಮನೆಯವರು, ಪಾತ್ರೆ ಬಡಿಯುವ ಅಜ್ಜಿಯರು. ಎದೆಯ ಚೀಟಿಯಲ್ಲಿ ಹೆಸರು ಅಚ್ಚಾಗಿರುವುದರಿಂದ ಪರಿಚಯವಿಲ್ಲದವರೂ ಹೆಸರು ಹಿಡಿದು ಕೂಗುತ್ತಾರೆ. ಮುಂದಿನವರಿಗೆ ಚಪ್ಪಾಳೆ ಸಿಗುತ್ತದೆ. ನಡುವಿನವರಿಗೂ ಕೊನೆಯವರಿಗೂ ಹೆಸರಿನ ಕೂಗು ಸಿಗುತ್ತದೆ.

ಆ ಚೀಟಿಗಳ ಜೊತೆಗೆ ಅಂಗಿಗಳ ಬೆನ್ನ ಮೇಲೆ ಬೇರೆ ಹೆಸರುಗಳೂ ಇರುತ್ತವೆ: ಕ್ಯಾನ್ಸರಿನಿಂದ ಹೋದ ತಾಯಿ, ಹೃದಯದ ತೊಂದರೆಯಿಂದ ಉಳಿಯದ ಮಗು, ಸೇವೆ ಮಾಡಿದ ಆರೈಕೆ ಕೇಂದ್ರ. ಭಾಗವಹಿಸುವವರಲ್ಲಿ ಬಹುಪಾಲು ಜನ ಯಾವುದಾದರೊಂದು ಸೇವಾಸಂಸ್ಥೆಗೆ ಹಣ ಕೂಡಿಸುತ್ತಲೇ ಓಡುತ್ತಾರೆ. ಒಂದೊಂದು ವರ್ಷದಲ್ಲೂ ಹೀಗೆ ಸೇರುವುದು ಕೋಟಿಗಟ್ಟಲೆ ಪೌಂಡ್. ಬೆನ್ನಿಗೆ ಫ್ರಿಜ್ ಕಟ್ಟಿಕೊಂಡು ಓಡಿದವರೂ ಈ ದಾರಿ ಕಂಡಿದೆ. ಇಂಥ ಓಟಗಾರರಿಗೆ ಗೆಲುವೆಂದರೆ ಕೊಟ್ಟ ಮಾತು ಉಳಿಸಿಕೊಳ್ಳುವುದು.

ಪ್ರಿನ್ಸ್ ಎಡ್ವರ್ಡ್ ರಸ್ತೆಯ ತುದಿಯಲ್ಲಿ ಸಮುದ್ರ ಒಮ್ಮೆಲೇ ಕಾಣಿಸುತ್ತದೆ. ಕಡಿದಾದ ಒಂದು ಇಳಿಜಾರು, ಎಡಕ್ಕೆ ತಿರುವು, ಅಲ್ಲಿಂದ ಕಡಲ ದಡದ ನೇರ ರಸ್ತೆಯಲ್ಲಿ ಕೊನೆಯ ಒಂದು ಮೈಲಿ. ಬಲಕ್ಕೆ ಉತ್ತರ ಸಮುದ್ರ, ಎಡಕ್ಕೆ ಜನ. ಗುರಿ ಕಣ್ಣಿಗೆ ಕಂಡರೂ ಕೈಗೆ ಸಿಗದಷ್ಟು ದೂರ, ಆಗಾಗ ಎದುರುಗಾಳಿ. 2014ರಲ್ಲಿ ಇಲ್ಲಿ ಒಬ್ಬ ಮಹಿಳೆ ಗೆರೆ ದಾಟಿದಾಗ ಈ ಓಟ ಮುಗಿಸಿದವರ ಒಟ್ಟು ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

ಎಲ್ಲರಿಗೂ ತೆರೆದ ಓಟಕ್ಕೆ ಹೊಣೆಯೂ ಹೆಚ್ಚು. 2005ರ ಓಟದಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಅಭ್ಯಾಸವಿಲ್ಲದವರು, ತಮಗೆ ಹೃದಯದ ತೊಂದರೆಯಿದೆ ಎಂದೇ ಅರಿಯದವರು, ಉತ್ಸಾಹದ ಭರದಲ್ಲಿ ಬಿಸಿಲನ್ನು ಲೆಕ್ಕಿಸದವರು ಇಂಥ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಆದ್ದರಿಂದ ನೀರಿನ ಮೇಜುಗಳು, ದಾರಿಯುದ್ದಕ್ಕೂ ವೈದ್ಯರ ತಂಡಗಳು, ಚೀಟಿಯ ಹಿಂಬದಿಯಲ್ಲಿ ತುಂಬಬೇಕಾದ ಆರೋಗ್ಯದ ವಿವರ, ಜ್ವರವಿದ್ದರೆ ಓಡಬೇಡಿ ಎಂಬ ಎಚ್ಚರಿಕೆ, ಇವು ಪದಕದಷ್ಟೇ ಮುಖ್ಯ. 2023ರಲ್ಲಿ ಬೆಳಗಿನ ಸೆಖೆಯ ಬೆನ್ನಿಗೇ ಗುಡುಗು ಮಳೆ ಸುರಿದು ಸೌತ್ ಶೀಲ್ಡ್ಸ್‌ನ ರಸ್ತೆಗಳಲ್ಲಿ ನೀರು ನಿಂತಿತು. ಮನೆಗೆ ಮರಳುವುದೇ ಆ ದಿನದ ಎರಡನೆಯ ಓಟವಾಯಿತು.

ಭಾನುವಾರದ ದೂರ ಎಲ್ಲರಿಗೂ ಆಗದು. ಅದಕ್ಕಾಗಿ ಹಿಂದಿನ ದಿನ ನದಿಯ ದಂಡೆಯಲ್ಲಿ ಚಿಕ್ಕ ಓಟಗಳಿರುತ್ತವೆ. ಪುಟಾಣಿಗಳಿಗೆ 'ಮಿನಿ', ಹದಿಹರೆಯದವರಿಗೆ 'ಜೂನಿಯರ್', ದೊಡ್ಡವರಿಗೆ 5 ಕಿಲೋಮೀಟರ್. ಕೈ ಹಿಡಿದು ಓಡುವ ಅಪ್ಪ ಅಮ್ಮಂದಿರಿಗೂ ಅಲ್ಲಿ ಜಾಗವಿದೆ. ಬ್ರಿಟನ್ನಿನಲ್ಲಿ ಇದೇ ಮನೋಭಾವ ವಾರವಾರವೂ ಕಾಣಸಿಗುವುದು ಪಾರ್ಕ್‌ರನ್‌ನಲ್ಲಿ. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಮಂದಿಯಿಂದ ಆರಂಭವಾದ ಈ ಉಚಿತ ಶನಿವಾರದ 5 ಕಿಲೋಮೀಟರ್ ಓಟ ಇಂದು ಹಲವು ದೇಶಗಳಿಗೆ ಹಬ್ಬಿದೆ. ಅಲ್ಲಿ ಪ್ರತಿ ವಾರ ಒಬ್ಬ ಸ್ವಯಂಸೇವಕ ಎಲ್ಲರಿಗಿಂತ ಹಿಂದೆ ನಡೆಯುತ್ತಾರೆ. ಗೆರೆ ದಾಟುವವರಲ್ಲಿ ಕೊನೆಯವರು ಯಾವಾಗಲೂ ಅವರೇ. ಹೀಗಾಗಿ ಭಾಗವಹಿಸಿದ ಯಾರೂ ಕೊನೆಯವರಾಗುವುದಿಲ್ಲ. ಖರ್ಚಿಲ್ಲದ ಇಂಥ ಏರ್ಪಾಟು ಸಾವಿರಾರು ಜನರ ಅಂಜಿಕೆ ನೀಗಿಸಿದೆ.

ಈ ದಾರಿಗೂ ಬೆಂಗಳೂರಿಗೂ ಒಂದು ಕೊಂಡಿಯಿದೆ. 2005ರಲ್ಲಿ ಗ್ರೇಟ್ ನಾರ್ತ್ ರನ್ ಗೆದ್ದ ಎರಿಟ್ರಿಯಾದ ಜೆರ್ಸೆನೆ ತಡೆಸೆ, 2008ರಲ್ಲಿ ಬೆಂಗಳೂರಿನ ಮೊದಲ ವರ್ಲ್ಡ್ 10ಕೆ ಓಟವನ್ನೂ ಗೆದ್ದರು. ವಿಧಾನಸೌಧ, ಕಬ್ಬನ್ ಪಾರ್ಕ್, ಹಲಸೂರು ಕೆರೆಯ ಆಸುಪಾಸಿನ ರಸ್ತೆಗಳಲ್ಲಿ ನಡೆಯುತ್ತಾ ಬಂದಿರುವ ಈ ಕೂಟದಲ್ಲಿ ಎಲ್ಲರಿಗೂ ತೆರೆದ 10 ಕಿಲೋಮೀಟರಿನ ಜೊತೆ ಹಿರಿಯ ನಾಗರಿಕರ ಓಟ, ವಿಕಲಚೇತನರ ಓಟ, ಮನೆಮಂದಿಯೆಲ್ಲ ವೇಷ ತೊಟ್ಟು ಬರುವ ಮಜಾ ರನ್ ಇವೆ. ಪ್ಯಾರಾ ಕ್ರೀಡೆಯಲ್ಲಿ ಈ ನಗರಕ್ಕೆ ಹಳೆಯ ಪರಂಪರೆಯೂ ಇದೆ. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿಯಿಂದಲೇ ದೇಶಕ್ಕೆ ಪದಕ ತಂದ ಮಾಲತಿ ಹೊಳ್ಳ ಇಲ್ಲಿಯವರೇ. ಆದರೆ ವಿಕಲಚೇತನರ ಓಟ ಹೆಚ್ಚಾಗಿ ಪ್ರತ್ಯೇಕ ಹೊತ್ತಿನ, ಚಿಕ್ಕ ದೂರದ ವಿಭಾಗವಾಗಿಯೇ ಉಳಿದಿದೆ. ಅದು ಒಳ್ಳೆಯ ಆರಂಭ, ಅಲ್ಲಿಗೇ ನಿಲ್ಲಬಾರದು. ಪೂರ್ಣ ದೂರದಲ್ಲಿ ಗಾಲಿಕುರ್ಚಿ ಸ್ಪರ್ಧೆ, ತರಬೇತಾದ ಮಾರ್ಗದರ್ಶಿ ಓಟಗಾರರ ಪಟ್ಟಿ, ಹೊಂಡವಿಲ್ಲದ ರಸ್ತೆ, ಗಾಲಿಕುರ್ಚಿ ಹೋಗುವ ಶೌಚಾಲಯ, ಇಷ್ಟು ನಮ್ಮ ಊರುಗಳ ಓಟಗಳಲ್ಲೂ ಬರಬೇಕು.

ನೋಡಲು ಹೋಗುವವರಿಗೆ ಒಂದು ಮಾತು. ಅಂದು ಸೇತುವೆಯ ಬಳಿ ಜಾಗ ಸಿಗುವುದು ಕಷ್ಟ. ನೋಟವೂ ಕೆಲವೇ ನಿಮಿಷದ್ದು. ಅದರ ಬದಲು ನ್ಯೂಕ್ಯಾಸಲ್‌ನಿಂದ ಬೆಳಿಗ್ಗೆಯೇ ಮೆಟ್ರೊ ಹಿಡಿದು ಸೌತ್ ಶೀಲ್ಡ್ಸ್ ಸೇರಬೇಕು. ಹೆಬ್ಬರ್ನ್, ಜಾರೋ ನಿಲ್ದಾಣಗಳು ದಾರಿಯಲ್ಲೇ ಸಿಗುತ್ತವೆ. ಇಳಿದ ಮೇಲೆ ಓಷನ್ ರಸ್ತೆಯಲ್ಲಿ ಸಾಲಾಗಿರುವ ಭಾರತೀಯ ಅಡುಗೆಯ ಹೋಟೆಲುಗಳನ್ನು ದಾಟಿ ಕಡಲ ದಡಕ್ಕೆ ನಡೆದರೆ ಕೊನೆಯ ಮೈಲಿಯ ಪಕ್ಕ ನಿಲ್ಲಲು ಬೇಕಾದಷ್ಟು ಜಾಗವಿರುತ್ತದೆ. ಗೆದ್ದವರು ಬಂದುಹೋದ ಮೇಲೆ ಹೊರಡಬಾರದು. ಮೂರು ಗಂಟೆ, ನಾಲ್ಕು ಗಂಟೆ ನಡೆದು ಬರುವವರು ಇನ್ನೂ ದಾರಿಯಲ್ಲಿರುತ್ತಾರೆ. ಚಪ್ಪಾಳೆ ಅವರಿಗೂ ಬೇಕು.